ದೇವರ ಮೇಲೆ ಮುನಿದ ಮೊಸರಜ್ಜಿ

ನಮ್ಮಪ್ಪ ಉಪದೇಶಿಗಳಾಗಿದ್ದರು. ಪಾದ್ರಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಅದು. ಪಾದ್ರಿಗಳಿಲ್ಲದ ಸಣ್ಣ ಊರಿನಲ್ಲಿ ಭಾನುವಾರ ಪ್ರಾರ್ಥನೆ ನಡೆಸಿ ಪ್ರಸಂಗ ಮಾಡಬೇಕು, ಮಿಕ್ಕ ದಿನ ಮಿಷನ್ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಬೇಕು, ನಡುವೆ ಯಾರಾದರೂ ಗಂಡ ಹೆಂಡತಿ ಜಗಳವಾಡಿಕೊಂಡರೆ ಹೋಗಿ ಕೂಡಿಸಬೇಕು. ಮಿಷನ್ನಿನವರು ಅವರನ್ನು ಊರಿಂದ ಊರಿಗೆ ವರ್ಗ ಮಾಡುತ್ತಲೇ ಇದ್ದರು. ಹಾಗಾಗಿ ನಾನು ಅರಕಲಗೂಡಿನಲ್ಲಿ ಹುಟ್ಟಿ, ಹೊಳೆನರಸೀಪುರದಲ್ಲಿ ಅಕ್ಷರ ಕಲಿತು, ಚನ್ನರಾಯಪಟ್ಟಣಕ್ಕೆ ಬರುವ ಹೊತ್ತಿಗೆ ಸೀರೆ ಉಡುವ ಹುಡುಗಿಯಾಗಿದ್ದೆ.

ಚನ್ನರಾಯಪಟ್ಟಣದಲ್ಲಿ ನಮ್ಮ ಕ್ರೈಸ್ತ ಸಭೆ ಎಂದರೆ ಬೆರಳಲ್ಲಿ ಎಣಿಸುವಷ್ಟು ಮನೆ. ಅಪ್ಪನ ಗಂಟಲು ಮಾತ್ರ ದೊಡ್ಡ ಪಟ್ಟಣಕ್ಕಾಗುವಷ್ಟಿತ್ತು. ಅವರು ಪ್ರಸಂಗವನ್ನು ಎಲ್ಲಿಂದ ಶುರುಮಾಡಿದರೂ ಬಂದು ಸೇರುತ್ತಿದ್ದದ್ದು ಒಂದೇ ಜಾಗಕ್ಕೆ. ದೇವರು ಮನುಷ್ಯನಿಗೆ ಸ್ವಂತ ಚಿತ್ತ ಕೊಟ್ಟಿದ್ದಾನೆ. ಒಳ್ಳೆಯದನ್ನು ಆರಿಸಿಕೊಳ್ಳುವುದೂ ಕೆಟ್ಟದ್ದನ್ನು ಆರಿಸಿಕೊಳ್ಳುವುದೂ ನಮ್ಮ ಕೈಯಲ್ಲಿದೆ. ಲೋಕದ ಸಂಕಟಕ್ಕೆಲ್ಲ ನಮ್ಮ ಆಯ್ಕೆಯೇ ಕಾರಣ. ಇದನ್ನು ವಿವರಿಸಲು ಅವರು ತಮ್ಮ ಸೈಕಲ್ಲನ್ನು ಉದಾಹರಣೆಗೆ ತರುತ್ತಿದ್ದರು. ಸಭೆಯ ಮುದುಕಿಯರು ಸೈಕಲ್ ಬಂತೆಂದರೆ ಪ್ರಸಂಗ ಮುಗಿಯಿತೆಂದು ಎಲೆಯಡಿಕೆ ಚೀಲ ತಡಕುತ್ತಿದ್ದರು.

ಅದೇ ಪ್ರಸಂಗವನ್ನು ಅಪ್ಪ ಸಂಜೆ ಹೊತ್ತು ಎದುರು ಮನೆಯ ಸಾಹುಕಾರರ ಜಗುಲಿಯಲ್ಲಿ ಇನ್ನೊಂದು ಸಲ ಮಾಡುತ್ತಿದ್ದರು. ಸಾಹುಕಾರರು ಕೊಬ್ಬರಿ ವ್ಯಾಪಾರಿ, ಲಿಂಗವಂತರು. ಹಣೆ ತುಂಬ ವಿಭೂತಿ, ಮೈ ತುಂಬ ಕೊಬ್ಬರಿಯ ವಾಸನೆ. ಇಬ್ಬರಿಗೂ ವಾದವೆಂದರೆ ಪ್ರಾಣ. ಅಪ್ಪ ಅವರನ್ನು ಕ್ರೈಸ್ತರನ್ನಾಗಿ ಮಾಡುವ ಆಸೆಯನ್ನು ಮೊದಲ ವರ್ಷವೇ ಬಿಟ್ಟಿದ್ದರು, ಅವರು ಅಪ್ಪನಿಗೆ ಲಿಂಗ ಕಟ್ಟುವ ಮಾತನ್ನು ಎತ್ತಿಯೇ ಇರಲಿಲ್ಲ. ಆದರೂ ವಾದ ನಿಲ್ಲಲಿಲ್ಲ.

"ನೋಡಿ ಸಾಹುಕಾರರೇ, ಸೈಕಲ್ಲು ದೇವರು ಕೊಟ್ಟದ್ದು. ಹ್ಯಾಂಡಲ್ಲು ನಮ್ಮ ಕೈಲಿದೆ. ಹಳ್ಳಕ್ಕೆ ಬಿಟ್ಟುಕೊಂಡರೆ ಕೊಟ್ಟವನ ತಪ್ಪೇ?" ಎಂದರು ಅಪ್ಪ ಒಂದು ಸಂಜೆ.

"ಅದೆಲ್ಲಾ ಸರಿ ಉಪದೇಸಿಗಳೇ. ಸೈಕಲ್ ಅವನ್ದು, ಹ್ಯಾಂಡ್ಲು ನಿಮ್ದು. ರಸ್ತೆ ಮಧ್ಯ ಗುಂಡಿ ಅದ್ಯಲ್ಲ, ಅದು ಯಾರ್ದು?"

ಅಪ್ಪ ಸ್ವಲ್ಪ ತಡವರಿಸಿ, "ಅದು ಮುನಿಸಿಪಾಲಿಟಿಯವರದು" ಎಂದರು.

ಸಾಹುಕಾರರು ನಕ್ಕ ನಗುವಿಗೆ ಒಳಗೆ ಕೊಬ್ಬರಿ ಒಡೆಯುತ್ತಿದ್ದ ಹೆಂಗಸರು ಹೊರಗೆ ಬಂದು ಇಣುಕಿದರು. ಅಪ್ಪನೂ ನಕ್ಕರು. ಆದರೆ ಮನೆಗೆ ಬಂದ ಮೇಲೆ ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ ಬಹಳ ಹೊತ್ತು ಏನೋ ಯೋಚಿಸುತ್ತಿದ್ದರು. ಅಮ್ಮ, "ಸಾರು ತಣ್ಣಗಾಗತ್ತೆ, ಗುಂಡಿ ನಾಳೆ ಮುಚ್ಚಿ" ಎಂದರು.

ಅವು ಯುದ್ಧದ ವರ್ಷಗಳು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ; ನಮಗೆ ಅದು ಕಾಣಿಸುತ್ತಿದ್ದದ್ದು ಸೀಮೆಎಣ್ಣೆಯ ಡಬ್ಬಿಯಲ್ಲಿ, ಸಕ್ಕರೆಯ ಪೊಟ್ಟಣದಲ್ಲಿ ಮತ್ತು ಬಸ್ಸಿನ ಬೆನ್ನಿನಲ್ಲಿ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಬಸ್ಸಿನ ಹಿಂಭಾಗಕ್ಕೆ ದೊಡ್ಡ ಹಂಡೆಯಂಥದ್ದನ್ನು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಕೆಂಡ ಮಾಡುತ್ತಿದ್ದರು. ಏರು ಬಂದರೆ ಬಸ್ಸಿಗೆ ಏದುಸಿರು. ಆಗ ಗಂಡಸರೆಲ್ಲ ಇಳಿದು ತಳ್ಳಬೇಕು. ಟಿಕೆಟ್ಟು ಕೊಂಡು ನಡೆದುಕೊಂಡು ಹೋಗುವ ಪ್ರಯಾಣ ಅದು.

ನನಗೆ ಹಾಸನದ ಮಿಷನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ ಕೆಲಸ ಕಲಿಯಲು ಜಾಗ ಸಿಕ್ಕಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಮ್ಮ, "ಸೋಮವಾರ ಹೋಗೇ, ಒಗೆದ ಸೀರೆ ಇನ್ನೂ ಒಣಗಿಲ್ಲ" ಎಂದರು. ನಾನು ಶನಿವಾರವೇ ಹೋಗಬೇಕೆಂದು ಹಟ ಹಿಡಿದೆ. ಸಾಹುಕಾರರೂ ಶನಿವಾರ ಹಾಸನಕ್ಕೆ ಹೊರಟಿದ್ದರು. ಅವರ ಜೊತೆಯಲ್ಲಿ ಎಂದ ಮೇಲೆ ಅಪ್ಪ ಒಪ್ಪಿದರು. ಅರ್ಧ ಒಣಗಿದ ಸೀರೆಯನ್ನು ಮಡಿಸಿ ಟ್ರಂಕಿಗೆ ತುರುಕಿಕೊಂಡು ನಾನು ಬಸ್ಸು ಹತ್ತಿದೆ. ಮುಂದೆ ಹೆಂಗಸರ ಸೀಟಿನಲ್ಲಿ ಜಾಗವಿತ್ತು. ನಾನು ಹಂಡೆಯ ಕೆಂಡ ನೋಡುವ ಆಸೆಗೆ ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತೆ.

ಶಾಂತಿಗ್ರಾಮದವರೆಗೆ ಪ್ರಯಾಣ ಬಹಳ ಚೆನ್ನಾಗಿತ್ತು. ಏರುಗಳಲ್ಲಿ ಸಾಹುಕಾರರು ಪಂಚೆ ಮೇಲಕ್ಕೆ ಕಟ್ಟಿ ಬಸ್ಸು ತಳ್ಳುವುದನ್ನು ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಶಾಂತಿಗ್ರಾಮ ದಾಟಿದ ಮೇಲೆ ಇಳಿಜಾರು. ಬೆಳಗಿನಿಂದ ತೆವಳುತ್ತಿದ್ದ ಬಸ್ಸು ಸಿಕ್ಕ ಇಳಿಜಾರನ್ನು ಬಿಡದೆ ಓಡಿತು. ಎಲ್ಲರೂ ಖುಷಿಯಾಗಿ ಕೂಗಿದರು. ಆಮೇಲೆ ಹಾರನ್ನು, ಮತ್ತೆ ಮತ್ತೆ ಹಾರನ್ನು. ಬಸ್ಸು ಒಮ್ಮೆಗೇ ಎಡಕ್ಕೆ ತಿರುಗಿತು. ಆಕಾಶ ಕಿಟಕಿಯಲ್ಲಿ ಬಂತು, ನಂತರ ಹುಲ್ಲು ಬಂತು.

ಬಸ್ಸು ರಸ್ತೆಪಕ್ಕದ ಹಳ್ಳಕ್ಕೆ ಮಗುಚಿತ್ತು. ದೇವರ ದಯೆ ಎಂದು ಎಲ್ಲರೂ ಆಮೇಲೆ ಹೇಳಿದರು, ಯಾರೂ ಸಾಯಲಿಲ್ಲ. ತರಚು ಗಾಯ ಮಾಡಿಕೊಂಡು ಒಬ್ಬೊಬ್ಬರಾಗಿ ಹೊರಗೆ ತೆವಳಿದರು. ನಾನು ತೆವಳಲು ನೋಡಿದೆ. ಎಡಗಾಲು ನನ್ನ ಜೊತೆ ಬರಲಿಲ್ಲ. ಹಿಂದಿನ ಸೀಟಿನ ಕಬ್ಬಿಣ ಮತ್ತು ಆ ಹಂಡೆಯ ನಡುವೆ ಅದು ಸಿಕ್ಕಿಕೊಂಡಿತ್ತು.

ನನ್ನನ್ನು ಎಳೆದು ಹೊರಗೆ ತಂದವರು ಸಾಹುಕಾರರು. ನಮ್ಮ ಮನೆಯಲ್ಲಿ ನೀರು ಕುಡಿಯದ ಮನುಷ್ಯ, ನನ್ನನ್ನು ಮಗುವಿನಂತೆ ಎತ್ತಿಕೊಂಡು, ತಮ್ಮ ಶಲ್ಯವನ್ನು ಹರಿದು ಕಾಲಿಗೆ ಬಿಗಿದು ಕಟ್ಟಿದರು. ಒಂದು ಎತ್ತಿನ ಗಾಡಿ ಸಿಕ್ಕಿತು. ಹಾಸನದವರೆಗೂ ಗಾಡಿಯಲ್ಲಿ ಅವರು ಶಿವಶಿವಾ ಎನ್ನುತ್ತಿದ್ದರು, ನಾನು ಯೇಸಪ್ಪಾ ಎನ್ನುತ್ತಿದ್ದೆ, ಗಾಡಿಯವನು ಎತ್ತುಗಳಿಗೆ ಹೋ ಹೋ ಎನ್ನುತ್ತಿದ್ದ.

ಹಾಸನದ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಇಂಗ್ಲೆಂಡಿನವರು. ಕನ್ನಡವನ್ನು ಪುಸ್ತಕದಿಂದ ಕಲಿತವರು. ಮಾತಾಡಿದರೆ ರಾಜರ ಆಸ್ಥಾನದಲ್ಲಿ ನಿಂತ ಹಾಗಿರುತ್ತಿತ್ತು. ಮೊದಲ ಕೆಲವು ದಿನ ಅವರು ಮೂಳೆ ಕೂಡಿಸಿ, ತೊಳೆದು, ಕಟ್ಟಿ, ಮಾಡುವುದನ್ನೆಲ್ಲ ಮಾಡಿದರು. ಆದರೆ ಗಾಯ ಕೊಳೆಯತೊಡಗಿತು. ನನ್ನ ಕಾಲಿನ ವಾಸನೆ ನನಗೇ ತಡೆಯಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಸುದ್ದಿ ಸಿಕ್ಕ ದಿನವೇ ಚನ್ನರಾಯಪಟ್ಟಣದಿಂದ ಸೈಕಲ್ ತುಳಿದುಕೊಂಡು ಬಂದಿದ್ದ ಅಪ್ಪ ಅಲ್ಲೇ ಇದ್ದರು. ನೋಡಿ ಹೋಗಲು ಬಂದಿದ್ದ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು.

"ಮಗಳೇ, ನಾನು ಸುಳ್ಳು ಹೇಳುವುದಿಲ್ಲ" ಎಂದರು ಡಾಕ್ಟರಮ್ಮ. "ನಿನ್ನ ಕಾಲಿನ ವಿಷವು ಮೇಲಕ್ಕೆ ಏರುತ್ತಿದೆ. ಮೊಣಕಾಲಿನ ಕೆಳಗೆ ಕತ್ತರಿಸಿದರೆ ನೀನು ಬದುಕುವೆ ಎಂದು ನನ್ನ ನಂಬಿಕೆ. ಕತ್ತರಿಸದಿದ್ದರೆ ಹೇಳಲಾರೆ. ನಿನ್ನ ಇಚ್ಛೆ ಏನು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಬೇಡ ಬೇಡ. ನಾನು ತಂದೆ, ನಾನು ಹೇಳ್ತೀನಿ. ಪ್ರಾರ್ಥನೆ ಮಾಡೋಣ. ದೇವರು ಮನಸ್ಸು ಮಾಡಿದರೆ ಕಾಲು ಉಳಿಯುತ್ತೆ" ಎಂದರು.

"ಉಪದೇಸಿಗಳೇ" ಎಂದರು ಬಾಗಿಲಿಂದ ಸಾಹುಕಾರರು, ಬಹಳ ಮೆತ್ತಗೆ. "ಇಷ್ಟು ವರ್ಸ ಅವರವರ ಹ್ಯಾಂಡ್ಲು ಅವರವರ ಕೈಲಿ ಅದೆ ಅಂದ್ರಿ. ಈಗ ಮಗೀನ ಕೈಲಿರೋದ ಯಾಕೆ ಕಿತ್ಕತೀರಿ? ಅವಳ್ನ ಕೇಳಿ."

ಅಪ್ಪ ಅವರ ಕಡೆ ತಿರುಗಿ ನೋಡಿದರು. ಆಮೇಲೆ ಮುಖ ಮುಚ್ಚಿಕೊಂಡು ಅತ್ತರು. ನನ್ನ ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ತೆಗೀರಿ ಡಾಕ್ಟರಮ್ಮ" ಎಂದೆ.

ಇದನ್ನು ಕೇಳಿದವರು ಎಷ್ಟು ಧೈರ್ಯದ ಹುಡುಗಿ ಎನ್ನುತ್ತಾರೆ. ಧೈರ್ಯವಲ್ಲ. ಆ ವಾಸನೆ ಹೋದರೆ ಸಾಕಿತ್ತು, ಒಂದು ನಿದ್ದೆ ಬಂದರೆ ಸಾಕಿತ್ತು. ಆದರೂ ಹೇಳಿದವಳು ನಾನೇ. ಬೇರೆ ಯಾರೂ ನನ್ನ ಪರವಾಗಿ ಹೇಳಲಿಲ್ಲ. ಅದು ಮುಂದೆ ಎಷ್ಟೋ ಸಲ ನನ್ನನ್ನು ಎತ್ತಿ ನಿಲ್ಲಿಸಿದೆ.

ಕಾಲು ಹೋದ ಮೇಲೆ ಜನ ಬರಲು ಶುರುವಾಯಿತು. ಹಾಸನದ ಸಭೆಯವರು ಒಳ್ಳೆಯ ಜನ. ಬಾಳೆಹಣ್ಣು, ಬ್ರೆಡ್ಡು, ಮತ್ತು ಒಬ್ಬೊಬ್ಬರೂ ಒಂದೊಂದು ಕಾರಣ ತರುತ್ತಿದ್ದರು. ಇದು ಪರೀಕ್ಷೆ ಎಂದರು ಒಬ್ಬರು. ದೇವರು ನಿನ್ನಿಂದ ಏನೋ ದೊಡ್ಡ ಕೆಲಸ ಮಾಡಿಸುತ್ತಾನೆ ಎಂದರು ಇನ್ನೊಬ್ಬರು. ಪಾದ್ರಿಗಳ ಅತ್ತೆ ಮಂಚದ ಮೇಲೆ ಬಗ್ಗಿ, "ಯಾವುದಾದರೂ ಗುಟ್ಟಿನ ಪಾಪ ಇದ್ದರೆ ಹೇಳಿಬಿಡು ಮಗಳೇ" ಎಂದು ಕಿವಿಯಲ್ಲಿ ಕೇಳಿದರು. ನನಗೂ ಆಸೆಯಾಯಿತು, ಆದರೆ ಆಕೆಯ ನಿರೀಕ್ಷೆಗೆ ತಕ್ಕ ಪಾಪ ಒಂದೂ ನೆನಪಾಗಲಿಲ್ಲ. ಮತ್ತೊಬ್ಬರು ಎರಡು ಕಾಲೂ ಹೋಗದಿದ್ದದ್ದಕ್ಕೆ ಸ್ತೋತ್ರ ಹೇಳಿಸಿದರು. ನಾನು ಹೇಳಿದೆ. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿಕೊಂಡೆ.

ನಾನೂ ನನ್ನದೇ ಕಾರಣಗಳನ್ನು ಹುಡುಕುತ್ತಿದ್ದೆ. ಸೋಮವಾರ ಹೊರಟಿದ್ದರೆ? ಮುಂದಿನ ಸೀಟಿನಲ್ಲಿ ಕುಳಿತಿದ್ದರೆ? ಆರಿಸಿಕೊಂಡವಳು ನಾನೇ. ಅಪ್ಪನ ಪ್ರಸಂಗದ ಪ್ರಕಾರ ತಪ್ಪು ನನ್ನದು. ಆದರೆ ಶನಿವಾರ ಆರಿಸಿಕೊಳ್ಳುವುದು ಪಾಪವೇ? ಕೆಂಡ ನೋಡುವ ಆಸೆ ಪಾಪವೇ?

ಆ ಹೊತ್ತಿಗೆ ಬಸ್ಸಿನ ಡ್ರೈವರು ಬಂದ. ಇಬ್ಬರು ಮಕ್ಕಳ ತಂದೆ. ತಲೆಗೆ ಇನ್ನೂ ಬಟ್ಟೆ ಸುತ್ತಿತ್ತು. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತವನಿಗೆ ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿದ್ದದ್ದು ಕಣ್ಣಿಗೆ ಬಿತ್ತು.

"ತಪ್ಪಾಯ್ತು ಕಣವ್ವ. ಒಬ್ಳು ಮುದ್ಕಿ, ಮೊಸ್ರಿನ ಗಡಿಗೆ ಒತ್ಕೊಂಡು ರಸ್ತೆ ಅಡ್ಡ ಬಂದ್ಬುಟ್ಲು. ಎಷ್ಟು ಆರನ್ ಒಡುದ್ರೂ ಕೇಳ್ನಿಲ್ಲ, ಕಿವುಡಿ. ಬ್ರೇಕು ಇಡೀನಿಲ್ಲ. ತಿರುಗ್ಸುದ್ರೆ ಅಳ್ಳ, ತಿರುಗ್ಸದಿದ್ರೆ ಮುದ್ಕಿ. ಏನ್ ಮಾಡ್ಲಿ ಏಳಿ."

"ಅಜ್ಜಿ ಉಳಿದಳಾ?" ಎಂದು ಕೇಳಿದೆ.

"ಉಳುದ್ಲು. ಗಡಿಗೆ ಸೈತ ಒಡೀನಿಲ್ಲ."

ಅವನು ಹೋದ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಗಡಿಗೆ ಕೂಡ ಒಡೆಯಲಿಲ್ಲ! ಡ್ರೈವರು ಆರಿಸಿಕೊಂಡದ್ದು ಒಳ್ಳೆಯದನ್ನೇ. ಅಪ್ಪನ ಪ್ರಸಂಗ ಕೇಳಿದವನ ಹಾಗೆ, ಕ್ಷಣದಲ್ಲಿ, ಒಂದು ಜೀವ ಉಳಿಸಿದ. ಒಳ್ಳೆಯ ಆಯ್ಕೆಯಿಂದಲೂ ಕಾಲು ಹೋಗುತ್ತದೆ ಎಂದರೆ ಆ ಪ್ರಸಂಗವನ್ನು ಎಲ್ಲಿ ಇಡಬೇಕು? ಅಪ್ಪನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು.

ಆ ಭಾನುವಾರ ಹಾಸನದ ಚರ್ಚಿನಲ್ಲಿ ಪಾದ್ರಿಗಳಿಗೆ ಜ್ವರವಿದ್ದು ಅಪ್ಪ ಪ್ರಸಂಗ ಮಾಡಬೇಕಾಯಿತು. ನಾನಿರಲಿಲ್ಲ, ಅಷ್ಟರಲ್ಲಿ ಊರಿಂದ ಬಂದಿದ್ದ ಅಮ್ಮ ಚರ್ಚಿನಿಂದ ಬಂದು ಹೇಳಿದರು. ಅಪ್ಪ ಎದ್ದು ನಿಂತರು. ಸ್ವಂತ ಚಿತ್ತ ಎಂದು ಶುರುಮಾಡಿದರು. ನಿಲ್ಲಿಸಿದರು. "ನನ್ನ ಮಗಳಿಗೆ ಯಾಕೆ ಹೀಗಾಯಿತೋ ನನಗೆ ಗೊತ್ತಿಲ್ಲ. ಗೊತ್ತಿರುವವನ ಹಾಗೆ ಇಷ್ಟು ದಿನ ಮಾತಾಡಿದೆ. ದೇವರು ಅವಳ ಹತ್ತಿರ ಇದ್ದಾನೆ ಅಂತ ಮಾತ್ರ ನಂಬಿದ್ದೀನಿ. ಒಂದು ಕೀರ್ತನೆ ಹಾಡೋಣ" ಎಂದು ಕುಳಿತುಬಿಟ್ಟರು. ಕೆಲವರು ಗುಸುಗುಸು ಮಾಡಿದರಂತೆ. ಆದರೆ ಅಷ್ಟು ಜೋರಾಗಿ ಜನ ಹಾಡಿದ್ದನ್ನು ತಾನು ಎಂದೂ ಕೇಳಿರಲಿಲ್ಲ ಎಂದರು ಅಮ್ಮ. ಅಂದಿನಿಂದ ಅಪ್ಪನ ಪ್ರಸಂಗಗಳು ಗಿಡ್ಡವಾದವು. ಸಭೆಯಲ್ಲಿ ಇದಕ್ಕೆ ಯಾರೂ ದುಃಖಪಟ್ಟ ಸುದ್ದಿಯಿಲ್ಲ.

ಮುಂದಿನ ವಾರ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಗದ್ದಲವಾಯಿತು. ನರ್ಸು ತಡೆಯುತ್ತಿದ್ದಳು, ಯಾರೋ ಅವಳಿಗಿಂತ ಜೋರಾಗಿ ಕೂಗುತ್ತಿದ್ದರು. ಒಣಕಲು ಮೈಯ ಮುದುಕಿಯೊಬ್ಬಳು ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಒಳಗೆ ನುಗ್ಗಿದಳು.

"ಕಾಲ್ ಓದ ಮಗ ಯಾವ್ದು?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೇಳಿದಳು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು.

ಗಡಿಗೆ ಇಳಿಸಿ ನನ್ನ ಮುಂದೆ ನಿಂತಳು. ನಾನು ಎಷ್ಟು ಕಟುವಾಗಿ ಮಾತಾಡಬೇಕೆಂದು ಯೋಚಿಸಿಟ್ಟುಕೊಂಡಿದ್ದೆ. ಆದರೆ ಕಿವುಡಿಯ ಮುಂದೆ ಕಟುಮಾತು ಆಡಿ ಏನು ಪ್ರಯೋಜನ? ಅವಳೇ ಮಾತಾಡಿದಳು.

"ನಾನೇ ಕಣವ್ವ ಅವತ್ತು ಅಡ್ಡ ಬಂದೋಳು. ಸಾಯೋ ಮುದ್ಕಿ ನಾನುಳ್ಕೊಂಡೆ, ಬದುಕ್ಬೇಕಾದ ಮಗ ನಿನ್ ಕಾಲೋಯ್ತು. ಇದ್ಯಾವ ನ್ಯಾಯ? ನಮ್ಮೂರಮ್ಮನ ಗುಡಿ ಮುಂದೆ ನಿಂತ್ಕೊಂಡು ಕೇಳ್ದೆ. ನಿಂಗೇನ್ ಕಣ್ಣಿಲ್ವಾ, ಕುರುಡಿಯಾ, ಅಂತ ಚೆನ್ನಾಗ್ ಬಯ್ದೆ. ಅವತ್ತಿಂದ ಗುಡಿ ಕಡೀಕೆ ಓಗಿಲ್ಲ. ಸಿಟ್ಟು ಇಳುದ್ಮ್ಯಾಲೆ ಓಯ್ತೀನಿ."

ಇಷ್ಟು ದಿನ ಬಂದವರೆಲ್ಲ ದೇವರ ಕಡೆಯ ವಕೀಲರು. ನನ್ನ ಕಡೆಯಿಂದ ಜಗಳಕ್ಕೆ ಹೋದವಳು ಇವಳೊಬ್ಬಳೇ. ನನಗೆ ಅಳು ಬಂತು. ಕಾಲು ತೆಗೆದ ಮೇಲೆ ಸರಿಯಾಗಿ ಅತ್ತಿರಲಿಲ್ಲ. ಬಂದವರ ಮುಂದೆ ಸ್ತೋತ್ರ ಹೇಳುತ್ತಲೇ ಇದ್ದೆ. ಅಜ್ಜಿ ಮಂಚದ ಮೇಲೆ ಕುಳಿತು ನನ್ನ ತಲೆಯನ್ನು ತನ್ನ ಒಣಕಲು ಎದೆಗೆ ಒತ್ತಿಕೊಂಡಳು. ಮೈಯೆಲ್ಲ ಹುಳಿ ಮೊಸರಿನ ವಾಸನೆ. "ಅಳು ಮಗ, ಅಳು. ನಂಗ್ ಕೇಳಾಕಿಲ್ಲ, ಎಷ್ಟ್ ಜೋರಾಗಾದ್ರೂ ಅಳು" ಎಂದಳು. ಅಳುತ್ತಿದ್ದವಳಿಗೆ ನಗು ಬಂತು.

ಹೋಗುವ ಮುನ್ನ ಗೋಡೆಯ ಮೇಲಿದ್ದ ಪಟವನ್ನು ನೋಡಿದಳು. ಶಿಲುಬೆಯ ಮೇಲಿನ ಯೇಸುವಿನ ಪಟ ಅದು. ನಾನು ಹುಟ್ಟಿದಾಗಿನಿಂದ ಅಂಥದ್ದನ್ನೇ ನೋಡಿ ನೋಡಿ ಕಣ್ಣಿಗೆ ಬೀಳದಂತಾಗಿದ್ದದ್ದು.

"ಇವ್ನೇನಾ ನಿಮ್ ದ್ಯಾವ್ರು?"

ಹೌದೆಂದು ತಲೆಯಾಡಿಸಿದೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಹತ್ತಿರ ಹೋಗಿ ನೋಡಿದಳು. "ಇವ್ನುನ್ನೂ ನಾಕು ಬಯ್ದೋಗಾನ ಅಂತ್ಲೇ ಬಂದೆ ಕಣವ್ವ. ಇವ್ನ ಸ್ಥಿತಿ ನೋಡುದ್ರೆ ಬಯ್ಯಾಕೆ ಬಾಯೇ ಬರಾಕಿಲ್ಲ. ಪಾಪ, ಕೈಗೂ ಮೊಳೆ, ಕಾಲ್ಗೂ ಮೊಳೆ. ಯಾರ್ ಮಾಡುದ್ರೋ."

ಪಟದ ಕೆಳಗೆ ಒಂದು ಲೋಟ ಮೊಸರು ಇಟ್ಟು ಹೋದಳು. ನರ್ಸು ಅದನ್ನು ತೆಗೆಯಲು ಬಂದಾಗ, ನನಗೇ ಕೊಡಿ ಎಂದು ಇಸಿದುಕೊಂಡು ಕುಡಿದೆ.

ಅವತ್ತು ಸಂಜೆ ಪ್ರಾರ್ಥನೆ ಮಾಡಿದೆ. ಚಿಕ್ಕಂದಿನಿಂದ ಕಲಿತ ಮಾತುಗಳನ್ನು ಬಿಟ್ಟು, ಅಜ್ಜಿಯ ಹಾಗೆ. ಇದು ಯಾವ ನ್ಯಾಯ ಎಂದು ಕೇಳಿದೆ. ನನಗೆ ಹದಿನೆಂಟು ವರ್ಷ ಎಂದೆ. ಕೆರೆ ಏರಿಯ ಮೇಲೆ ಓಡಬೇಕಿತ್ತು ಎಂದೆ. ಉತ್ತರವೇನೂ ಬರಲಿಲ್ಲ. ಆದರೆ ಮಾತು ಬರೀ ಗಾಳಿಗೆ ಹೋಯಿತು ಎಂದೂ ಅನ್ನಿಸಲಿಲ್ಲ. ಬಹಳ ಹೊತ್ತು ಬೈದು ಸುಸ್ತಾದ ಮೇಲೆ, ಕೇಳಿಸಿಕೊಂಡವನೂ ನನ್ನಷ್ಟೇ ಸುಸ್ತಾಗಿ ಪಕ್ಕದಲ್ಲಿ ಕುಳಿತಿದ್ದಾನೆ ಎನ್ನಿಸಿತು. ಯಾಕೆ ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬಳೇ ಇರಲಿಲ್ಲ ಎನ್ನುವುದು ಅವತ್ತೇ ಗೊತ್ತಾಯಿತು.

ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಅಜ್ಜಿ ಬರುತ್ತಿದ್ದಳು. ನಾನು ಊರುಗೋಲು ಹಿಡಿದು ನಡೆಯಲು ಕಲಿತದ್ದು ಅವಳ ಮುಂದೆಯೇ. ಬಿದ್ದರೆ "ಏಳು, ಏಳು" ಎಂದು ಕೂಗುತ್ತಿದ್ದಳೇ ಹೊರತು ಎತ್ತುತ್ತಿರಲಿಲ್ಲ. ಒಂದು ದಿನ, "ನಮ್ಮಮ್ಮನ ತಾವ ರಾಜಿ ಮಾಡ್ಕೊಂಡೆ ಕಣವ್ವ. ಎಷ್ಟ್ ದಿನ ಅಂತ ಬುಡೋದು, ಅವಳ್ಗೂ ನನ್ಬುಟ್ರೆ ಯಾರವ್ರೆ" ಎಂದಳು.

ಟೀಚರ ಕೆಲಸ ಕಲಿಯುವುದು ಒಂದು ವರ್ಷ ತಡವಾಯಿತು, ಅಷ್ಟೇ. ಮೈಸೂರಿನಿಂದ ಮರದ ಕಾಲು ಬಂತು. ಯುದ್ಧ ಮುಗಿದ ಮೇಲೆ ನನ್ನನ್ನು ಅರಕಲಗೂಡಿನ ಶಾಲೆಗೆ ಹಾಕಿದರು. ಊರಿನ ದೊಡ್ಡವರು ನನ್ನ ನಡಿಗೆಯನ್ನು ನೋಡಿಯೂ ನೋಡದವರ ಹಾಗೆ ಆಕಾಶ ನೋಡುತ್ತಿದ್ದರು. ಮಕ್ಕಳಿಗೆ ಆ ಕಷ್ಟವಿಲ್ಲ. ಮೊದಲ ದಿನವೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರಮ್ಮ, ನಿಮ್ ಕಾಲು ಮರದ್ದಾ?"

"ಹೌದು."

"ನೋವಾಯ್ತದಾ?"

"ಮಳೆ ಬಂದಾಗ ಸ್ವಲ್ಪ."

"ಮುಟ್ಲಾ?"

ಮುಟ್ಟು ಎಂದೆ. ಬೆರಳ ಗೆಣ್ಣಿನಿಂದ ಟಕಟಕ ಎಂದು ಬಡಿದು ನೋಡಿ, ಗಂಭೀರವಾಗಿ ತಲೆಯಾಡಿಸಿ, "ಗಟ್ಟಿಯಾಗದೆ" ಎಂದು ಇಡೀ ತರಗತಿಗೆ ವರದಿ ಕೊಟ್ಟಳು. ಆಮೇಲೆ ಎಲ್ಲರೂ ಸಾಲಾಗಿ ಬಂದು ಒಬ್ಬೊಬ್ಬರೇ ಬಡಿದು ನೋಡಿದರು. ಅದು ಮುಗಿದ ಮೇಲೆ ಸ್ಲೇಟು ತೆಗೆಯಿರಿ ಎಂದೆ, ತೆಗೆದರು.